ಟ್ರ್ಯಾಕ್ ಬೈಕ್: ಬಿಸಿಯಾದ ಮೇಲೆ ಮುಂದಿನ ಬ್ರೇಕ್ ಲಿವರ್ ಗ್ರಿಪ್‌ವರೆಗೂ ಬರುತ್ತಿದೆ, ಏರ್ ಎಷ್ಟು ತೆಗೆದರೂ ಅಷ್ಟೇ

ಕೆಂಪುಕರ್ಬ್, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಗಾಡಿ ನಾನೂರು ಸಿಸಿ ಒಳಗಿನ ಸಿಂಗಲ್ ಸಿಲಿಂಡರ್, ಟ್ರ್ಯಾಕ್‌ಗೆ ಮಾತ್ರ. ಹೆಡ್‌ಲೈಟ್, ಇಂಡಿಕೇಟರ್, ಸೈಡ್ ಸ್ಟ್ಯಾಂಡ್ ಎಲ್ಲ ಬಿಚ್ಚಿದೆ. ಮುಂದೆ 320 ಎಂಎಂನ ಒಂದೇ ಡಿಸ್ಕ್, ನಾಲ್ಕು ಪಿಸ್ಟನ್ನಿನ ರೇಡಿಯಲ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ). ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಗಾಡಿ ಜೊತೆ ಬಂದದ್ದೇ, ಹ್ಯಾಂಡಲ್‌ಗೆ ಸಮಾನಾಂತರ ಕೂರುವ ಸಾಮಾನ್ಯ ನಮೂನೆ. ಎಬಿಎಸ್ ಮಾಡ್ಯೂಲ್ ಇಲ್ಲ, ಮಾಸ್ಟರ್‌ನಿಂದ ಕ್ಯಾಲಿಪರ್‌ಗೆ ನೇರ ಸ್ಟೀಲ್ ಬ್ರೇಡೆಡ್ ಲೈನ್.

ಸಮಸ್ಯೆ ಇದು. ಶ್ರೀಪೆರಂಬದೂರು ಹತ್ತಿರದ 3.7 ಕಿಮೀ ಟ್ರ್ಯಾಕ್‌ನಲ್ಲಿ ಮೊದಲ ಲ್ಯಾಪ್ ಬ್ರೇಕ್ ಚೆನ್ನಾಗಿರುತ್ತದೆ. ಎರಡು, ಮೂರನೇ ಲ್ಯಾಪ್ ಹೊತ್ತಿಗೆ ಲಿವರ್ ಇನ್ನೂ ಮೇಲೆಯೇ ಕಚ್ಚಲು ಶುರು, ಮುಟ್ಟಿದರೆ ಸಾಕು ಹಿಡಿಯುತ್ತದೆ. ಅದಾಗಿ ಒಂದೆರಡು ಲ್ಯಾಪ್‌ಗೆ ಇದ್ದಕ್ಕಿದ್ದಂತೆ ಸ್ಪಂಜಿನಂತೆ ಮೆತ್ತಗಾಗಿ ಗ್ರಿಪ್‌ಗೆ ತಾಗುತ್ತದೆ. ಎರಡು ಸಲ ಪಂಪ್ ಮಾಡಿದರೆ ಸ್ವಲ್ಪ ಸಿಗುತ್ತದೆ. ಪಿಟ್‌ಗೆ ಬಂದು ಅರ್ಧ ಗಂಟೆ ಬಿಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಡಿಸ್ಕ್ ಮೇಲೆ ನೀಲಿ ಬಣ್ಣ ಬಂದಿದೆ. ಪ್ಯಾಡಾಕ್‌ನಲ್ಲಿ ಗಾಡಿ ತಳ್ಳುವಾಗ ಮುಂದಿನ ಚಕ್ರ ಭಾರ ಅನಿಸುತ್ತದೆ.

ಈಗಾಗಲೇ ಆಗಿರುವ ಕೆಲಸ: ಹೊಸ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡ್, ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, ಪೂರ್ತಿ ಬ್ಲೀಡಿಂಗ್ (ಲೈನ್‌ನಿಂದ ಗಾಳಿ ತೆಗೆಯುವುದು), ರಾತ್ರಿಯಿಡೀ ಲಿವರ್ ಕಟ್ಟಿಡುವುದು. ಮನೆಯಲ್ಲಿ ತಣ್ಣಗಿದ್ದಾಗ ಲಿವರ್ ಕಲ್ಲಿನಂತಿದೆ. ಗಾಡಿಯಲ್ಲಿ ಈ ಸೀಸನ್ ಬದಲಾಗಿದ್ದು ಸ್ಟೀಲ್ ಲೈನ್, ಮಡಚುವ ಶಾರ್ಟ್ ಲಿವರ್ (ಆರು ಹಂತದ ಅಡ್ಜಸ್ಟರ್ ಇರುವುದು) ಮತ್ತು ಲಿವರ್ ಗಾರ್ಡ್. ಮನೆಯಲ್ಲಿ ಪ್ಯಾಡಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ವರ್ನಿಯರ್, ಹೀಟ್ ಗನ್ ಇವೆ. ಮಾಸ್ಟರ್ ಸಿಲಿಂಡರ್ ಕಿಟ್ ತರಿಸಲೇ, ಅಥವಾ ರೇಡಿಯಲ್ ಮಾಸ್ಟರ್‌ಗೇ (ಹ್ಯಾಂಡಲ್‌ಗೆ ಅಡ್ಡಲಾಗಿ ಕೂರುವ ನಮೂನೆ) ಹೋಗಲೇ?

ಮೈಸೂರು_ಟಾರ್ಕ್

ಸದ್ಯಕ್ಕೆ ಏನನ್ನೂ ತರಿಸಬೇಡಿ. ತಣ್ಣಗಿದ್ದಾಗ ಕಲ್ಲಿನಂತಿರುವ ಲಿವರ್ ಬಿಸಿಯಾದ ಮೇಲೆ ಮೆತ್ತಗಾಗುತ್ತಿದೆ ಅಂದರೆ ಅದು ಉಳಿದುಹೋದ ಗಾಳಿ ಅಲ್ಲ. ಗಾಳಿ ಇದ್ದರೆ ಮನೆಯಲ್ಲೂ ಮೆತ್ತಗೇ ಇರುತ್ತದೆ. ಕ್ಯಾಲಿಪರ್ ಒಳಗೆ ಆಯಿಲ್ ಕುದಿಯುತ್ತಿದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಬೆರಳಿನ ಬಲ ಆ ಆವಿಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ.

ಡಾಟ್ ನಿಯಮದ (ಬ್ರೇಕ್ ಆಯಿಲ್ ದರ್ಜೆಗಳ ಅಮೆರಿಕದ ಮಾನದಂಡ) ಪ್ರಕಾರ ಕುದಿಯುವ ಕನಿಷ್ಠ ಬಿಂದುಗಳು ಹೀಗಿವೆ. ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿ, ನೀರು ಹೀರಿಕೊಂಡಾಗ 140. ಡಾಟ್ 4 ಆದರೆ 230 ಮತ್ತು 155. ಡಾಟ್ 5.1 ಆದರೆ 260 ಮತ್ತು 180. 'ನೀರು ಹೀರಿದ' ಎಂದರೆ ಸುಮಾರು 3.7 ಶೇಕಡಾ ನೀರು. ರೇಸಿಂಗ್ ಆಯಿಲ್‌ಗಳು ಹೊಸದರಲ್ಲಿ 300 ದಾಟುತ್ತವೆ, ಆದರೆ ಬೇಗ ಬದಲಿಸಬೇಕು. ಡಾಟ್ 5 ಬೇರೆ ಜಾತಿ, ಸಿಲಿಕೋನ್. ಅದನ್ನು ಈ ಸಿಸ್ಟಮ್‌ಗೆ ಹಾಕಲೇಬಾರದು, 5.1 ಜೊತೆ ಹೆಸರು ಹತ್ತಿರ ಇದೆಯೆಂದು ಅಂಗಡಿಯಲ್ಲಿ ಗೊಂದಲ ಆಗುತ್ತದೆ.

ಒಂದು ಬ್ರೇಕಿಂಗ್‌ನಲ್ಲಿ ಎಷ್ಟು ಬಿಸಿ ಹುಟ್ಟುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಗಾಡಿ, ಸವಾರ, ಗೇರ್ ಸೇರಿ 240 ಕೆಜಿ ಎಂದುಕೊಳ್ಳಿ. ಗಂಟೆಗೆ 150 ಕಿಮೀನಿಂದ 70ಕ್ಕೆ ಇಳಿಸಿದರೆ ಹೋಗಬೇಕಾದ ಶಕ್ತಿ ಸುಮಾರು 163 ಕಿಲೋಜೂಲ್. ಗಾಳಿ, ಎಂಜಿನ್ ಬ್ರೇಕಿಂಗ್, ಹಿಂದಿನ ಬ್ರೇಕ್ ಸೇರಿ ಕಾಲು ಭಾಗ ತೆಗೆದುಕೊಂಡರೂ 120 ಮುಂದಿನ ಡಿಸ್ಕ್‌ಗೆ. ಡಿಸ್ಕ್ 1.3 ಕೆಜಿ ಉಕ್ಕಾದರೆ ಆ ಒಂದು ಬ್ರೇಕಿಂಗ್‌ಗೇ 180 ಡಿಗ್ರಿ ಆಸುಪಾಸು ಏರುತ್ತದೆ. ನೇರ ರಸ್ತೆಯಲ್ಲಿ ತಣ್ಣಗಾಗಲು ಸಮಯ ಸಿಕ್ಕರೆ ಮಾತ್ರ ಬದುಕುತ್ತದೆ. ಸಿಂಟರ್ಡ್ ಪ್ಯಾಡ್ ಆರ್ಗ್ಯಾನಿಕ್ ಪ್ಯಾಡ್‌ಗಿಂತ ಹೆಚ್ಚು ಬಿಸಿಯನ್ನು ಪಿಸ್ಟನ್‌ಗೆ ದಾಟಿಸುತ್ತದೆ, ಅದನ್ನೂ ನೆನಪಿಡಿ.

ಹಾಗಾಗಿ ನನ್ನ ಮೊದಲ ಸಲಹೆ ಒಳ್ಳೆಯ ರೇಸಿಂಗ್ ಆಯಿಲ್, ಸೀಲ್ ಒಡೆಯದ ಬಾಟಲಿಯಿಂದ. ಆದರೂ ನೀವು ಹೇಳುವ ವೇಗದ ಗಾಡಿಗೆ, ಹೊಸ ಡಾಟ್ 4 ನಾಲ್ಕೇ ಲ್ಯಾಪ್‌ನಲ್ಲಿ ಕುದಿಯುವುದು ಸಹಜ ಅಲ್ಲ. ಎಲ್ಲಿಂದಲೋ ಹೆಚ್ಚುವರಿ ಬಿಸಿ ಬರುತ್ತಿದೆ.

ಹುಬ್ಬಳ್ಳಿ_ಪಾನಾ

ಮೈಸೂರಿನವರು ಹೇಳಿದ್ದು ಖರೆ, ಆಯಿಲ್ ಕುದೀತದ. ಆದ್ರ ಅದು ಕೊನೀ ಪರಿಣಾಮ ನೋಡ್ರಿ. ಕಾರಣ ಪ್ರಶ್ನೆಯೊಳಗೇ ಐತಿ: ಮೆತ್ತಗಾಗೋ ಮುಂಚೆ ಲಿವರ್ ಮೇಲೆ ಬಂದು ಗಟ್ಟಿಯಾಗತೈತಿ ಅಂತ ಬರದೀರಿ. ಬರೀ ಜೋರಾಗಿ ಓಡಿಸಿ ಆಯಿಲ್ ಕುದಿಸಿದ್ರ ಲಿವರ್ ಸೀದಾ ಕೆಳಗ ಇಳೀತದ. ಮೊದಲ ಮೇಲೆ ಬಂದು, ಆಮೇಲೆ ಇಳಿದ್ರ, ಬ್ರೇಕ್ ತನ್ನಷ್ಟಕ್ಕೆ ತಾನೇ ಹಿಡಕೊಂಡು ಉಜ್ಜಾಕತ್ತೈತಿ ಅಂತ ಅರ್ಥ. ನೀಲಿ ಡಿಸ್ಕ್, ತಳ್ಳುವಾಗ ಭಾರ ಆದ ಚಕ್ರ, ಎರಡೂ ಅದಕ್ಕೇ ಸಾಕ್ಷಿ.

ಮಾಸ್ಟರ್ ಸಿಲಿಂಡರ್ ಒಳಗ ಎರಡು ತೂತು ಇರತಾವ. ದೊಡ್ಡದು ಆಯಿಲ್ ಒಳಗ ಬರಾಕ. ಅದರ ಮುಂದ, ಕಪ್ ಸೀಲ್‌ನ (ಪಿಸ್ಟನ್ ಮುಂದಿರೋ ರಬ್ಬರ್ ಸೀಲ್) ತುಟಿಗೆ ಹತ್ತಿ ಇನ್ನೊಂದು ಸೂಜಿಮೊನೆಯಷ್ಟು ಸಣ್ಣದು, ಅದಕ್ಕ ರಿಟರ್ನ್ ಪೋರ್ಟ್ ಅಂತಾರ. ಲಿವರ್ ಬಿಟ್ಟಾಗ ಕಪ್ ಪೂರಾ ಹಿಂದ ಸರದು ಆ ಸಣ್ಣ ತೂತು ತೆರೀಬೇಕು. ಆವಾಗಷ್ಟ ಲೈನ್‌ನಾಗಿನ ಆಯಿಲ್ ಮೇಲಿನ ಡಬ್ಬಿಗೆ ವಾಪಸ್ ಹೋಗಾಕ ದಾರಿ. ಬಿಸಿಗೆ ಆಯಿಲ್ ಹಿಗ್ಗತೈತಿ. ಕ್ಯಾಲಿಪರ್‌ನಾಗ 10 ಎಂಎಲ್ ಇದ್ದು 100 ಡಿಗ್ರಿ ಏರಿದ್ರ ಅರ್ಧ ಎಂಎಲ್‌ಗಿಂತ ಜಾಸ್ತಿ ಹಿಗ್ಗತೈತಿ. ತೂತು ಮುಚ್ಚಿದ್ರ ಅದು ಎಲ್ಲಿ ಹೋಗಬೇಕು? ಪಿಸ್ಟನ್ ಹೊರಗ ತಳ್ಳತೈತಿ. ಪ್ಯಾಡ್ ಉಜ್ಜತೈತಿ, ಮತ್ತ ಬಿಸಿ, ಮತ್ತ ಹಿಗ್ಗು, ಕಡೀಗೆ ಕುದೀತದ.

ಈಗ ನಿಮ್ಮ ಹೊಸ ಮಡಚೋ ಲಿವರ್ ನೋಡ್ರಿ. ನಿಮ್ಮ ನಮೂನೆ ಮಾಸ್ಟರ್‌ನಾಗ ಲಿವರ್‌ನ ಗುಬುಟು (ಉಬ್ಬಿದ ತುದಿ) ಸೀದಾ ಪಿಸ್ಟನ್‌ನ ತಲೆಗೆ ಒತ್ತತೈತಿ. ಹೊರಗಿನ ಲಿವರ್‌ನಾಗ ಆ ಗುಬುಟು ಕಾಲು ಎಂಎಂ ಉದ್ದ ಇದ್ರೂ ಸಾಕು, ಲಿವರ್ ಬಿಟ್ಟಿದ್ರೂ ಕಪ್ ಆ ತೂತಿನ ಮೇಲೇ ಕುಂತಿರತೈತಿ. ಮನ್ಯಾಗ ಏನೂ ಗೊತ್ತಾಗೂದಿಲ್ಲ, ಉಲ್ಟಾ ಲಿವರ್ ಭಾಳ ಛಲೋ ಕಚ್ಚತೈತಿ ಅಂತ ಅನಸತೈತಿ.

ಎರಡು ನಿಮಿಷದ ಟೆಸ್ಟ್: ಟ್ಯಾಂಕ್, ಫೇರಿಂಗ್ ಮೇಲೆ ಹಸಿ ಬಟ್ಟೆ ಹಾಸ್ರಿ (ಆಯಿಲ್ ಬಿದ್ರ ಪೇಂಟ್ ಹೋಗತೈತಿ, ಬಿದ್ದ ಕೂಡಲೇ ನೀರು ಸುರೀರಿ). ಕನ್ನಡಕ ಹಾಕ್ಕೋರಿ. ಡಬ್ಬಿಯ ಮುಚ್ಚಳ, ರಬ್ಬರ್ ಡಯಾಫ್ರಾಮ್ ತೆಗೀರಿ. ಲಿವರ್ ಭಾಳ ನಿಧಾನ, ಬರೇ ಮೊದಲ ಕೆಲವು ಎಂಎಂ ಎಳೀರಿ. ತೂತು ತೆರೆದಿದ್ರ ಆಯಿಲ್ ಮೇಲ್ಮೈಮ್ಯಾಲೆ ಸಣ್ಣ ಬುಗ್ಗೆ ಅಥವಾ ಅಲೆ ಕಾಣತೈತಿ. ಜೋರಾಗಿ ಎಳೆದ್ರ ಮುಖಕ್ಕ ಚಿಮ್ಮತೈತಿ, ಹುಷಾರು. ಒಂದಿಷ್ಟೂ ಅಲುಗಾಡಲಿಲ್ಲ ಅಂದ್ರ ತೂತು ಮುಚ್ಚೈತಿ. ಹಳೀ ಲಿವರ್ ಹಾಕಿ ಅದನ್ನೇ ಮತ್ತ ಮಾಡ್ರಿ.

ಅಪೆಕ್ಸ್_ಕುಡ್ಲ

ಬುಗ್ಗೆ ಟೆಸ್ಟ್ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಮುಗಿಸಬೇಡಿ ಮಾರಾಯ್ರೇ. ಚಕ್ರ ಭಾರ ಆಗಲು ಇನ್ನೂ ಕಾರಣಗಳಿವೆ. ಕ್ಯಾಲಿಪರ್ ಪಿಸ್ಟನ್ ಕೊಳೆ ಹಿಡಿದು ಹಿಂದೆ ಸರಿಯದೇ ಇರಬಹುದು, ಆಕ್ಸಲ್ ಓರೆಯಾಗಿ ಬಿಗಿದು ಫೋರ್ಕ್ ಕಾಲು ಎಳೆದಂತಾಗಿರಬಹುದು, ಲೈನ್ ಒಳಗೆ ಅಡ್ಡಿ ಇರಬಹುದು. ಡಿಸ್ಕ್ ಡೊಂಕಾಗಿದ್ದರೆ ಮಾತ್ರ ಕಥೆ ಉಲ್ಟಾ. ಅಲ್ಲಿ ಡಿಸ್ಕ್ ಪಿಸ್ಟನ್ನನ್ನು ಹಿಂದಕ್ಕೆ ಗುದ್ದುತ್ತದೆ, ಮೊದಲ ಎಳೆತ ಖಾಲಿ ಹೋಗುತ್ತದೆ, ಎರಡನೆಯದು ಗಟ್ಟಿ. ಅದು ಬಿಸಿ, ತಣ್ಣಗೆ ಎಂದು ನೋಡುವುದಿಲ್ಲ. ಎಷ್ಟು ಸಣ್ಣ ಅಂತರಕ್ಕೆ ಲಿವರ್ ಎಷ್ಟು ಹೋಗುತ್ತದೆ ನೋಡಿ: 30 ಎಂಎಂನ ನಾಲ್ಕು ಪಿಸ್ಟನ್ ಇದ್ದು ಎಲ್ಲವೂ ಬರೀ 0.2 ಎಂಎಂ ಹಿಂದೆ ಹೋದರೆ ತುಂಬಬೇಕಾದ ಜಾಗ 565 ಘನ ಎಂಎಂ. ಮಾಸ್ಟರ್ 14 ಎಂಎಂ ಆದರೆ ಅದರ ಪಿಸ್ಟನ್ 3.7 ಎಂಎಂ ಓಡಬೇಕು. ಲಿವರ್ ಅನುಪಾತ 5.5 ಆದರೆ ಬೆರಳಿನ ಹತ್ತಿರ 20 ಎಂಎಂ. ಇದೇ ಲೆಕ್ಕವನ್ನು ತಿರುಗಿಸಿದರೆ ಹುಬ್ಬಳ್ಳಿಯವರು ಹೇಳಿದ ಅರ್ಧ ಎಂಎಲ್ ಹಿಗ್ಗು ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಲು ಬೇಕಾದಷ್ಟಾಯಿತು.

ಮನೆಯಲ್ಲೇ ಬಿಸಿಯ ಸ್ಥಿತಿಯನ್ನು ತರಬಹುದು, ಹೀಟ್ ಗನ್ ಇದೆ ಅಂದಿರಲ್ಲ. ಮುಂದಿನ ಚಕ್ರ ಎತ್ತಿ. ಟೈರ್ ಸುತ್ತ ಹಗ್ಗ ಎರಡು ಸುತ್ತು ಸುತ್ತಿ, ಲಗೇಜ್ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯನ್ನು ತುದಿಗೆ ಸಿಕ್ಕಿಸಿ, ಒಂದೇ ವೇಗದಲ್ಲಿ ಎಳೆದು ಎಷ್ಟು ಕೆಜಿಗೆ ಚಕ್ರ ತಿರುಗುತ್ತದೆ ಬರೆದಿಟ್ಟುಕೊಳ್ಳಿ. ಲಿವರ್ ಹತ್ತಾರು ಸಲ ಒತ್ತಿ ಬಿಟ್ಟು ಮತ್ತೆ ಅಳೆಯಿರಿ. ಆಮೇಲೆ ಲಿವರ್ ಮುಟ್ಟದೆ, ಹೀಟ್ ಗನ್ ಕಡಿಮೆ ಸೆಟ್ಟಿಂಗ್‌ನಲ್ಲಿ, ಒಂದು ಗೇಣು ದೂರದಿಂದ ಕ್ಯಾಲಿಪರ್ ಬಾಡಿಯನ್ನು ನಿಧಾನ ಬಿಸಿ ಮಾಡಿ. 75ರಿಂದ 80 ಡಿಗ್ರಿ ಸಾಕು, ಇನ್ಫ್ರಾರೆಡ್ ಥರ್ಮಾಮೀಟರ್‌ನಿಂದ ನೋಡುತ್ತಿರಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಒಂದೇ ಕಡೆ ಹಿಡಿಯಬೇಡಿ, ಲೈನ್ ಮತ್ತು ರಬ್ಬರ್ ಮೇಲೆ ಬೇಡ, ಮಾಸ್ಟರ್ ಮುಚ್ಚಳ ಹಾಕಿಯೇ ಇರಲಿ. ಆಯಿಲ್ ಬೆಂಕಿ ಹಿಡಿಯುವ ದ್ರವ, ಸುತ್ತ ಬ್ರೇಕ್ ಕ್ಲೀನರ್ ಸಿಂಪಡಿಸಿದ್ದರೆ ಪೂರ್ತಿ ಒಣಗುವವರೆಗೆ ಗನ್ ಹಚ್ಚಬೇಡಿ.

ಬಿಸಿಯಾದ ಮೇಲೆ ಚಕ್ರ ಬಿಗಿಯಾದರೆ ಬಿಚ್ಚುವ ಕ್ರಮ ಮುಖ್ಯ. ಮೇಲಿನಿಂದ ಕೆಳಗೆ ಬನ್ನಿ. ಮೊದಲು ಲಿವರ್‌ನ ಪಿವೋಟ್ ಬೋಲ್ಟ್ ತೆಗೆದು ಲಿವರ್ ಹೊರಗೆ ಎಳೆಯಿರಿ. ಚಕ್ರ ಸಡಿಲಾದರೆ ತಪ್ಪು ಲಿವರ್‌ನದು, ಅಲ್ಲಿಗೇ ನಿಲ್ಲಿಸಿ. ಆಗದಿದ್ದರೆ ಮಾಸ್ಟರ್ ಹತ್ತಿರದ ಬ್ಯಾಂಜೋ ಬೋಲ್ಟ್ (ಲೈನ್ ಕೂಡಿಸುವ ಟೊಳ್ಳು ಬೋಲ್ಟ್) ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ. ಅಲ್ಲಿ ಸಡಿಲಾದರೆ ಮಾಸ್ಟರ್ ಒಳಗೆ ತೂತು ಕಟ್ಟಿದೆ ಅಥವಾ ಕಪ್ ಉಬ್ಬಿದೆ. ಅಲ್ಲೂ ಆಗದೆ ಕ್ಯಾಲಿಪರ್ ನಿಪ್ಪಲ್ (ಗಾಳಿ ತೆಗೆಯುವ ಸ್ಕ್ರೂ) ಕಾಲು ಸುತ್ತು ತೆರೆದಾಗ ಮಾತ್ರ ಬಿಟ್ಟರೆ ಲೈನ್ ಒಳಗೆ ಅಡ್ಡಿ. ನಿಪ್ಪಲ್ ತೆರೆದರೂ ಬಿಗಿಯೇ ಇದ್ದರೆ ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ, ಪಿಸ್ಟನ್ ಅಥವಾ ಆಕ್ಸಲ್ ನೋಡಿ. ಮೊದಲೇ ನಿಪ್ಪಲ್ ತೆರೆದರೆ ಒತ್ತಡ ಹೋಗಿಬಿಡುತ್ತದೆ, ಮೂಲ ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ.

ಕೆಂಪುಕರ್ಬ್

ಎಲ್ಲ ಅಳೆದೆ. ಹೊಸ ಲಿವರ್ ಇದ್ದಾಗ, ಅಡ್ಜಸ್ಟರ್ ನಾಲ್ಕರಲ್ಲಿ: ತಣ್ಣಗಿದ್ದಾಗ ಚಕ್ರ ತಿರುಗಲು 0.7 ಕೆಜಿ, ಒತ್ತಿ ಬಿಟ್ಟ ಮೇಲೆ 0.9. ಕ್ಯಾಲಿಪರ್ 80 ಡಿಗ್ರಿ ಮುಟ್ಟಿದಾಗ 2.6 ಕೆಜಿ. ಬ್ಯಾಂಜೋ ಮುಟ್ಟದೆ ಬರೀ ಲಿವರ್ ಹೊರಗೆಳೆದೆ, ಮಾಸ್ಟರ್ ಕಿಟಕಿಯಲ್ಲಿ ಆಯಿಲ್ ಮಟ್ಟ ಕಣ್ಣಿಗೆ ಕಾಣುವಂತೆ ಏರಿತು, ಚಕ್ರ 1.1ಕ್ಕೆ ಇಳಿಯಿತು. ಗಾಡಿ ಜೊತೆ ಬಂದ ಹಳೆ ಲಿವರ್ ಹಾಕಿ ಅದೇ ಬಿಸಿಗೆ 1.1 ಕೆಜಿ. ಬುಗ್ಗೆ ಟೆಸ್ಟ್‌ನಲ್ಲೂ ಹಳೆ ಲಿವರ್‌ಗೆ ಅಲೆ ಕಾಣಿಸಿತು, ಹೊಸದಕ್ಕೆ ಇಲ್ಲ. ಪಿವೋಟ್ ತೂತಿನ ಅಂಚಿನಿಂದ ಗುಬುಟಿನ ತುದಿಗೆ ವರ್ನಿಯರ್ ಹಿಡಿದರೆ ಹೊಸ ಲಿವರ್ 0.35 ಎಂಎಂ ಉದ್ದ. ಅಡ್ಜಸ್ಟರ್ ಒಂದು, ಎರಡರಲ್ಲಿಟ್ಟರೆ ಹೊಸ ಲಿವರ್‌ಗೂ ಸಣ್ಣ ಅಲೆ ಬರುತ್ತದೆ, ಮೂರರಿಂದ ಆರರವರೆಗೆ ಇಲ್ಲ.

ಹಳೆ ಲಿವರ್‌ನಲ್ಲೂ 0.7 ಇದ್ದದ್ದು ಬಿಸಿಗೆ 1.1 ಆಗುವುದು ಸಹಜವೇ? ಗುಬುಟನ್ನು ಫೈಲ್‌ನಿಂದ ಉಜ್ಜಿ ಹೊಸ ಲಿವರ್ ಉಳಿಸಿಕೊಳ್ಳಬಹುದೇ?

ಹುಬ್ಬಳ್ಳಿ_ಪಾನಾ

ಇಷ್ಟು ಸ್ವಚ್ಛ ಅಳತೆ ಕೊಟ್ರ ಉತ್ತರ ಹೇಳೂದು ಸುಲಭ. ಮಾಸ್ಟರ್ ಛಲೋ ಐತಿ, ಕಿಟ್ ಬ್ಯಾಡ, ರೇಡಿಯಲ್ ಮಾಸ್ಟರ್ ಬ್ಯಾಡ. ಲಿವರ್ ಬದಲಿಸ್ರಿ.

ಉಜ್ಜೂದು ಆಗೂದಿಲ್ಲ ಅಂತಲ್ಲ. ಆದ್ರ ನಿಮ್ಮ ಲಿವರ್‌ನಾಗ ತೊಂದರೆ ಎರಡು ಅದಾವ. ಗುಬುಟು ಉದ್ದ ಐತಿ, ಮತ್ತ ಅಡ್ಜಸ್ಟರ್ ತಿರುಗಿಸಿದ್ರ ಗುಬುಟಿನ ಜಾಗಾನೂ ಸರೀತದ. ಸರಿಯಾದ ವಿನ್ಯಾಸದಾಗ ಅಡ್ಜಸ್ಟರ್ ಬೆರಳಿಂದ ಲಿವರ್ ಎಷ್ಟು ದೂರ ಅನ್ನೂದಷ್ಟ ಬದಲಿಸಬೇಕು, ಪಿಸ್ಟನ್ ಮುಟ್ಟೂ ಜಾಗಾ ಅಲ್ಲ. ಸಡಿಲ ಇದ್ದ ಅಡ್ಜಸ್ಟರ್ ಓಟದಾಗ ಒಂದು ಹಂತ ಜಿಗಿದ್ರ ಮತ್ತ ಅದೇ ಕಥಿ. ಬ್ರೇಕ್‌ನಾಗ ಇಂಥ ಭಾಗ ಉಳಿಸ್ಕೊಳ್ಳೂದು ಸರಿ ಅಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಪಿಸ್ಟನ್ ಕಡೆ ಸಣ್ಣ ಸ್ಕ್ರೂ, ಲಾಕ್‌ನಟ್ ಇರೋ ಲಿವರ್ ಸಿಗತಾವ, ಅದರಾಗ ಆಟ (ಗುಬುಟಿಗೂ ಪಿಸ್ಟನ್‌ಗೂ ನಡುವಿನ ಸಂದು) ಇಡೂದು ಕರಾರುವಾಕ್ಕಾಗಿ ಆಗತೈತಿ. ಪಿಸ್ಟನ್ ಹತ್ರ 0.2ರಿಂದ 0.4 ಎಂಎಂ ಆಟ ಇಡ್ರಿ, ಫೀಲರ್ ಗೇಜ್ ಹಾಕಿ ನೋಡ್ರಿ. ಲಿವರ್ ತುದಿಗೆ ಅದು ಒಂದರಿಂದ ಎರಡು ಎಂಎಂ ಖಾಲಿ ಓಟ ಆಗತೈತಿ. ಆ ಖಾಲಿ ಓಟ ತೆಗೀಬೇಕು ಅಂತ ಭಾಳ ಮಂದಿಗೆ ಆಸೆ. ಅದು ಇರಲೇಬೇಕು. ಸ್ಕ್ರೂ ಹಾಕಿದ ಮ್ಯಾಲೆ ಅಡ್ಜಸ್ಟರ್‌ನ ಆರೂ ಹಂತದಾಗ ಬುಗ್ಗೆ ಬರತೈತೇನು ನೋಡ್ರಿ.

ಪಿವೋಟ್ ಬೋಲ್ಟ್ ವಿಪರೀತ ಬಿಗದ್ರೂ ಲಿವರ್ ವಾಪಸ್ ಬರೂದಿಲ್ಲ. ಮೊದಲ ಬೋಲ್ಟ್, ಆಮೇಲೆ ಕೆಳಗಿನ ನಟ್, ಬಿಗದ ಮ್ಯಾಲೆ ಲಿವರ್ ತನ್ನಷ್ಟಕ್ಕೆ ಚಟ್ ಅಂತ ವಾಪಸ್ ಬಂದು ನಿಲ್ಲಬೇಕು. ಲಿವರ್ ಗಾರ್ಡ್ ಎಲ್ಲಿಯಾದ್ರೂ ತಾಗತೈತೇನು, ಹ್ಯಾಂಡಲ್ ಪೂರಾ ಎಡಕ್ಕ, ಪೂರಾ ಬಲಕ್ಕ ತಿರುಗಿಸಿ ನೋಡ್ರಿ. ಬೋಲ್ಟ್‌ಗೆ ಗ್ರೀಸ್ ಹಚ್ಚೂವಾಗ ಪಿಸ್ಟನ್‌ನ ರಬ್ಬರ್ ಬೂಟ್‌ಗೆ ಸಾದಾ ಗ್ರೀಸ್ ತಾಗಬಾರದು. ಪೆಟ್ರೋಲಿಯಂ ಗ್ರೀಸ್, ಆಯಿಲ್, ತುಕ್ಕು ಬಿಡಿಸೋ ಸ್ಪ್ರೇ ಯಾವುದೂ ಒಳಗ ಹೋದ್ರ ಕಪ್ ಉಬ್ಬತೈತಿ, ಉಬ್ಬಿದ ಕಪ್ ಆ ಸಣ್ಣ ತೂತು ಮುಚ್ಚತೈತಿ. ಡಬ್ಬಿ ಮೇಲಿನ ಡಯಾಫ್ರಾಮ್ ಅಲೆಅಲೆಯಾಗಿ ಹಿಗ್ಗಿದ್ದು ಕಂಡ್ರ ಒಳಗ ಎಣ್ಣೆ ಸೇರೈತಿ ಅಂತ ತಿಳೀರಿ, ಆವಾಗ ಎಲ್ಲ ಸೀಲ್ ಹೊಸದಾಗಬೇಕು. ನಿಮ್ಮದು ಆ ಹಂತ ಅಲ್ಲ.

ಇನ್ಯಾರಾದ್ರೂ ಇದನ್ನ ಓದಿ, ಹಳೀ ಲಿವರ್‌ನಾಗೂ ಬುಗ್ಗೆ ಬರಲಿಲ್ಲ ಅಂದ್ರ, ತೂತಿನಾಗ ಹರಳು ಕಟ್ಟಿರತೈತಿ. ಡಬ್ಬಿ ಖಾಲಿ ಮಾಡಿ, ಗಿಟಾರ್‌ನ ಅತಿ ಸಣ್ಣ ತಂತಿ, 0.23 ಎಂಎಂ ಬರತೈತಿ, ಅದನ್ನ ನೇರ ಇಳಿಸಿ ಮೆತ್ತಗ ಆಡಿಸ್ರಿ. ಡ್ರಿಲ್ ಬಿಟ್, ಪಿನ್ನು ಬ್ಯಾಡ. ತೂತಿನ ಅಂಚು ಎದ್ದರ ಪ್ರತಿ ಎಳೆತಕ್ಕೂ ಕಪ್ ಹರೀತದ.

ಮೈಸೂರು_ಟಾರ್ಕ್

0.7 ಇದ್ದದ್ದು 1.1 ಆಗಿದ್ದಕ್ಕೆ ಉತ್ತರ ಕ್ಯಾಲಿಪರ್‌ನಲ್ಲಿರಬೇಕು. ಇಷ್ಟು ಬಿಸಿ ಕಂಡ ಕ್ಯಾಲಿಪರ್‌ನ ಪಿಸ್ಟನ್ ಹೊರಮೈಯಲ್ಲಿ ಪ್ಯಾಡ್ ಧೂಳು ಸುಟ್ಟು ಅಂಟಿರುತ್ತದೆ. ಚೌಕ ಸೀಲ್ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಒಂದು ಎಂಎಂನ ಹತ್ತನೇ ಒಂದು ಭಾಗದಷ್ಟೇ, ಕೊಳೆ ಅಷ್ಟನ್ನೂ ತಡೆಯುತ್ತದೆ.

ಕ್ಯಾಲಿಪರ್ ಎರಡು ಭಾಗ ಮಾಡುವ ಅಗತ್ಯ ಇಲ್ಲ. ಲೈನ್ ಬಿಚ್ಚದೆ ಕ್ಯಾಲಿಪರ್ ಇಳಿಸಿ, ಪ್ಯಾಡ್ ತೆಗೆಯಿರಿ. ಒಂದು ಚಪ್ಪಟೆ ಮರದ ತುಂಡು ನಡುವೆ ಇಟ್ಟು ಲಿವರ್ ಮೆಲ್ಲಗೆ ಒತ್ತಿ ಪಿಸ್ಟನ್‌ಗಳು ಏಳೆಂಟು ಎಂಎಂ ಹೊರಬರುವಂತೆ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಯಾವುದು ಮೊದಲು ಬರುತ್ತದೆ, ಯಾವುದು ಹಿಂದೆ ಉಳಿಯುತ್ತದೆ ನೋಡಿ. ಬೇಗ ಬರುವುದನ್ನು ಜಿ ಕ್ಲ್ಯಾಂಪ್‌ನಿಂದ ತಡೆದು ಸೋಮಾರಿಯನ್ನು ಹೊರಗೆ ತನ್ನಿ. ಹಳೆ ಟೂತ್‌ಬ್ರಷ್, ಬ್ರೇಕ್ ಆಯಿಲ್ ಅಥವಾ ಸೋಪ್ ನೀರು, ಹತ್ತಿ ಲೇಸ್ ಸುತ್ತಿ ಉಜ್ಜಿ. ಎಮೆರಿ ಕಾಗದ ಬೇಡ, ಪಿಸ್ಟನ್‌ನ ಮೇಲ್ಮೈ ಗೀರಿದರೆ ಸೀಲ್ ಸೋರುತ್ತದೆ. ತೆಳುವಾಗಿ ಕೆಂಪು ರಬ್ಬರ್ ಗ್ರೀಸ್ ಹಚ್ಚಿ ಬೆರಳಿನಿಂದ ಹಿಂದೆ ತಳ್ಳಿ. ಬೆರಳಿಗೆ ಬಗ್ಗದ ಪಿಸ್ಟನ್ ಇದ್ದರೆ ಅದರ ಸೀಲ್ ಹೊಸದು ಬೇಕು. ಹಿಂದೆ ತಳ್ಳುವಾಗ ಮಾಸ್ಟರ್ ಡಬ್ಬಿ ಉಕ್ಕದಂತೆ ಸಿರಿಂಜ್‌ನಿಂದ ಸ್ವಲ್ಪ ಆಯಿಲ್ ತೆಗೆದಿಡಿ. ಕಂಪ್ರೆಸರ್ ಗಾಳಿಯಿಂದ ಪಿಸ್ಟನ್ ಹಾರಿಸುವವರು ಬೆರಳು ಕಳೆದುಕೊಳ್ಳುತ್ತಾರೆ, ಅದನ್ನು ಮನೆಯಲ್ಲಿ ಮಾಡಲೇಬೇಡಿ.

ಡಿಸ್ಕ್ ನೀಲಿ ಆಗಿದ್ದಕ್ಕೇ ಎಸೆಯಬೇಕಿಲ್ಲ. ದಪ್ಪವನ್ನು ಮೈಕ್ರೋಮೀಟರ್‌ನಿಂದ ಆರು ಕಡೆ ಅಳೆದು, ಡಿಸ್ಕ್ ಮೇಲೆ ಕೊರೆದಿರುವ ಕನಿಷ್ಠ ಅಂಕಿಗೆ ಹೋಲಿಸಿ. ತೂತುಗಳ ನಡುವೆ ಕೂದಲೆಳೆ ಬಿರುಕು ಅಂಚಿನ ಕಡೆ ಹೋಗುತ್ತಿದ್ದರೆ ಆ ಡಿಸ್ಕ್ ಮುಗಿಯಿತು. ಡೊಂಕು ನೋಡಲು ಡಯಲ್ ಗೇಜ್ ಬೇಕು, ಎಸ್‌ಪಿ ರಸ್ತೆಯ ಟೂಲ್ ಅಂಗಡಿಗಳಲ್ಲಿ ಸಿಗುತ್ತದೆ. ಫೋರ್ಕ್ ಅಲ್ಯೂಮಿನಿಯಂ ಆದ್ದರಿಂದ ಮ್ಯಾಗ್ನೆಟ್ ಬೇಸ್ ಕೂರುವುದಿಲ್ಲ. ಕ್ಯಾಲಿಪರ್ ಬೋಲ್ಟ್ ಜಾಗಕ್ಕೆ ಒಂದು ಕಬ್ಬಿಣದ ಪಟ್ಟಿ ಬಿಗಿದು ಅದರ ಮೇಲೆ ಕೂರಿಸಿ. ಹೊರ ಅಂಚಿನಿಂದ 5 ಎಂಎಂ ಒಳಗೆ ಮುಳ್ಳು ಇಟ್ಟು ಒಂದು ಸುತ್ತು ತಿರುಗಿಸಿ. 0.1 ಎಂಎಂ ಒಳಗಿದ್ದರೆ ಚಿಂತೆ ಇಲ್ಲ. ಅದಕ್ಕಿಂತ ಹೆಚ್ಚಾದರೆ ಡಿಸ್ಕ್ ಕೂರುವ ಹಬ್ ಮುಖದಲ್ಲಿ ಪೇಂಟ್, ತುಕ್ಕು ಇದೆಯಾ ನೋಡಿ, ಆಮೇಲೆ ಡಿಸ್ಕ್ ಮೇಲೆ ಅನುಮಾನ ಪಡಿ.

ಪ್ಯಾಡ್ ವಿಷಯ ಕೇಳಿಲ್ಲ, ಆದರೂ ಹೇಳಬೇಕು. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಗಾಜಿನ ಮೇಲೆ 120ರ ಎಮೆರಿ ಹಾಳೆ ಇಟ್ಟು ಎಂಟರ ಆಕಾರದಲ್ಲಿ ಉಜ್ಜಿ, ಹೊಳಪು ಹೋಗುವಷ್ಟು ಮಾತ್ರ. ಮಾಸ್ಕ್ ಹಾಕಿಕೊಳ್ಳಿ. ಅಂಚು ಉದುರುತ್ತಿದ್ದರೆ, ಬಿಳಿಚಿದ್ದರೆ, ಅಥವಾ ಒಂದು ತುದಿಯಲ್ಲಿ ಹೆಚ್ಚು ಸವೆದು ಓರೆಯಾಗಿದ್ದರೆ ಹೊಸದೇ ಹಾಕಿ. ಟ್ರ್ಯಾಕ್‌ಗೆ 2 ಎಂಎಂಗಿಂತ ತೆಳ್ಳಗಾದ ಪ್ಯಾಡ್ ಬೇಡ, ಪ್ಯಾಡ್ ತೆಳ್ಳಗಾದಷ್ಟೂ ಬಿಸಿ ಪಿಸ್ಟನ್‌ಗೆ ಬೇಗ ಮುಟ್ಟುತ್ತದೆ.

ಈಗಿರುವ ಆಯಿಲ್ ಪೂರ್ತಿ ತೆಗೆಯಿರಿ. ಒಮ್ಮೆ ಕುದಿದದ್ದನ್ನು ನಂಬಬಾರದು, ನಿಮ್ಮ ಲಿವರ್ ತಣ್ಣಗಾದ ಮೇಲೂ ಮುಕ್ಕಾಲು ಪಾಲು ಮಾತ್ರ ಸರಿಹೋಗುತ್ತಿದ್ದದ್ದು ಅದಕ್ಕೇ. ಲೈನ್ ತುಂಬಲು 100 ಎಂಎಲ್ ಒಳಗೆ ಸಾಕು, ನೀವು 200 ಎಂಎಲ್ ಹಾಯಿಸಿ. ಉಳಿದ ಬಾಟಲಿ ಮುಂದಿನ ಸಲಕ್ಕೆ ಇಡಬೇಡಿ, ಅದು ಗಾಳಿಯ ತೇವ ಹೀರುತ್ತದೆ. ಮೊದಲು ಮಾಸ್ಟರ್‌ನ ಬ್ಯಾಂಜೋ ಹತ್ತಿರ ಗಾಳಿ ತೆಗೆಯಿರಿ: ಹ್ಯಾಂಡಲ್ ಎಡಕ್ಕೆ ತಿರುಗಿಸಿ ಮಾಸ್ಟರ್ ಎತ್ತರ ಮಾಡಿ, ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು ಬೋಲ್ಟ್ ಸ್ವಲ್ಪ ಸಡಿಲಿಸಿ, ಬಿಗಿದು, ಆಮೇಲೆ ಲಿವರ್ ಬಿಡಿ. ಎರಡು ಮೂರು ಸಲ ಸಾಕು. ನಂತರ ಕ್ಯಾಲಿಪರ್. ಲಿವರ್ ಪೂರ್ತಿ ಗ್ರಿಪ್‌ವರೆಗೆ ಒತ್ತಬೇಡಿ, ಗ್ರಿಪ್ ಮತ್ತು ಲಿವರ್ ನಡುವೆ ಒಂದು ಮರದ ಚೂರು ಸಿಕ್ಕಿಸಿ. ಮಾಸ್ಟರ್‌ನ ಬಳಕೆಯಾಗದ ಭಾಗದ ಕೊಳೆ ಕಪ್‌ನ ತುಟಿ ಕೆಡಿಸುತ್ತದೆ. ಸಿರಿಂಜ್‌ನಿಂದ ಎಳೆಯುವಾಗ ಟ್ಯೂಬ್‌ನಲ್ಲಿ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಗಾಬರಿ ಬೇಡ, ನಿಪ್ಪಲ್ ಥ್ರೆಡ್‌ನಿಂದ ಹೊರಗಿನ ಗಾಳಿ ಬರುತ್ತಿರುತ್ತದೆ. ಕೊನೆಯ ಸುತ್ತು ಲಿವರ್‌ನಿಂದಲೇ ಮಾಡಿ.

ಬ್ಯಾಂಜೋ ವಾಷರ್‌ಗಳು ಪ್ರತಿ ಸಲ ಹೊಸದು, ಬೋಲ್ಟಿಗೆ ಎರಡು, ಒಂದು ಈ ಕಡೆ ಒಂದು ಆ ಕಡೆ. ಜೆಸಿ ರಸ್ತೆಯಲ್ಲಿ 10 ಎಂಎಂ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಕೇಳಿದರೆ ಕೊಡುತ್ತಾರೆ. ಎಂ10 ಬ್ಯಾಂಜೋ ಸಾಮಾನ್ಯವಾಗಿ 20ರಿಂದ 25 ಎನ್‌ಎಂ, ನಿಪ್ಪಲ್ 6ರಿಂದ 8 ಎನ್‌ಎಂ. ಕ್ಯಾಲಿಪರ್ ಬೋಲ್ಟ್, ಆಕ್ಸಲ್, ಪಿಂಚ್ ಬೋಲ್ಟ್‌ಗಳಿಗೆ (ಫೋರ್ಕ್ ಕಾಲಿನಲ್ಲಿ ಆಕ್ಸಲ್ ಬಿಗಿಹಿಡಿಯುವವು) ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಅಂಕಿಯೇ ಬೇಕು, ಇನ್ನೊಂದು ಗಾಡಿಯದು ಹಾಕಬೇಡಿ.

ಅಪೆಕ್ಸ್_ಕುಡ್ಲ

ಜೋಡಿಸುವಾಗ ಎರಡು ಮಾತು. ಆಕ್ಸಲ್ ನಟ್ ಬಿಗಿದ ಮೇಲೆ, ಪಿಂಚ್ ಬೋಲ್ಟ್ ಬಿಗಿಯುವ ಮುನ್ನ, ಗಾಡಿ ನೆಲಕ್ಕಿಳಿಸಿ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಜೋರಾಗಿ ಒತ್ತಿ. ಫೋರ್ಕ್ ಕಾಲು ಆಕ್ಸಲ್ ಮೇಲೆ ತನ್ನ ಜಾಗ ಹುಡುಕಿಕೊಳ್ಳುತ್ತದೆ, ಆಮೇಲೆ ಪಿಂಚ್ ಬಿಗಿಯಿರಿ. ರೇಡಿಯಲ್ ಕ್ಯಾಲಿಪರ್‌ನ ಎರಡು ಬೋಲ್ಟ್ ಕೈಬಿಗಿಗೆ ತಂದು, ಚಕ್ರ ತಿರುಗಿಸಿ, ಬ್ರೇಕ್ ಹಿಡಿದು, ಹಿಡಿದಂತೆಯೇ ಟಾರ್ಕ್ ಕೊಡಿ. ಹೀಗೆ ಮಾಡಿದರೆ ಕ್ಯಾಲಿಪರ್ ಡಿಸ್ಕ್‌ಗೆ ನೇರ ಕೂರುತ್ತದೆ. ಈ ಎರಡರಿಂದಲೇ ಎಳೆತದ ತೂಕ ಇಳಿಯುವುದುಂಟು.

ಎಲ್ಲ ಮುಗಿದ ಮೇಲೆ ಹೀಟ್ ಗನ್ ಟೆಸ್ಟ್ ಮತ್ತೊಮ್ಮೆ. ತಣ್ಣಗೆ ಮತ್ತು ಬಿಸಿಯ ನಡುವೆ 0.2 ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟ್ರ್ಯಾಕ್‌ಗೆ ಹೊರಡಬೇಡಿ, ಪಿಸ್ಟನ್ ಮತ್ತೆ ನೋಡಿ.

ಕೆಂಪುಕರ್ಬ್

ಹಳೆ ಲಿವರ್, ಹೊಸ ಆಯಿಲ್ (ಡಾಟ್ 4ರದೇ ರೇಸಿಂಗ್ ಗ್ರೇಡ್), ಹೊಸ ವಾಷರ್ ಆಯಿತು. ಒಳಗಡೆಯ ಎರಡು ಪಿಸ್ಟನ್ ಸೋಮಾರಿಯಾಗಿದ್ದವು, ಸ್ವಚ್ಛ ಮಾಡಿದ ಮೇಲೆ ಬೆರಳಿಗೇ ಸರಿಯುತ್ತವೆ. ಡಿಸ್ಕ್ ಡೊಂಕು 0.07 ಎಂಎಂ, ಬಿರುಕಿಲ್ಲ. ಪ್ಯಾಡ್ ಅಂಚು ಉದುರುತ್ತಿತ್ತು, ಬದಲಿಸಿದೆ. ತಣ್ಣಗೆ 0.6, ಬಿಸಿಗೆ 0.7 ಕೆಜಿ. ಹೊಸ ಪ್ಯಾಡ್ ಟ್ರ್ಯಾಕ್‌ನಲ್ಲೇ ಬೆಡ್ (ಡಿಸ್ಕ್‌ಗೆ ಒಗ್ಗಿಸುವುದು) ಮಾಡಬಹುದೇ, ಮತ್ತು ಮೊದಲ ಸೆಷನ್‌ನಲ್ಲಿ ಏನು ನೋಡಬೇಕು?

ಹುಬ್ಬಳ್ಳಿ_ಪಾನಾ

ಟ್ರ್ಯಾಕ್‌ನಾಗೇ ಮಾಡ್ರಿ, ಆದ್ರ ಮೊದಲ ಲ್ಯಾಪ್ ಬ್ರೇಕ್ ಮೆತ್ತಗ, ಎರಡನೇದ್ರಾಗ ನಡುವಿನ ಬಲ, ಪ್ರತಿ ಬ್ರೇಕಿಂಗ್ ನಡುವ ತಣ್ಣಗಾಗಾಕ ಬಿಡ್ರಿ, ಪೂರಾ ನಿಲ್ಲಿಸಿ ಬ್ರೇಕ್ ಹಿಡಕೊಂಡು ನಿಲ್ಲಬ್ಯಾಡ್ರಿ. ಬಿಸಿ ಪ್ಯಾಡ್ ಒಂದೇ ಕಡೆ ಒತ್ತಿ ನಿಂತ್ರ ಡಿಸ್ಕ್ ಮ್ಯಾಲೆ ಆ ಜಾಗಾದಾಗ ಪದರ ಕೂಡತೈತಿ, ಆಮೇಲೆ ಲಿವರ್ ನಡುಗತೈತಿ.

ಮೂರು ಲ್ಯಾಪ್ ಆದ ಮ್ಯಾಲೆ ಪಿಟ್‌ಗೆ ಬರ್ರಿ, ಕೊನೀ ನೂರು ಮೀಟರ್ ಹಿಂದಿನ ಬ್ರೇಕ್‌ನಿಂದ ನಿಲ್ಲಿಸ್ರಿ. ಕೂಡಲೇ ಮುಂದಿನ ಸ್ಟ್ಯಾಂಡ್ ಹಾಕಿ ಚಕ್ರ ಕೈಯಿಂದ ತಿರುವ್ರಿ, ಡಿಸ್ಕ್ ಮುಟ್ಟಬ್ಯಾಡ್ರಿ. ಲಿವರ್ ಮೊದಲಿನ ಜಾಗಾದಾಗ ಕಚ್ಚಿದ್ರ, ಚಕ್ರ ಹಗುರ ತಿರುಗಿದ್ರ ಮುಂದಿನ ಸೆಷನ್ ಪೂರಾ ಓಡಿಸ್ರಿ. ಲಿವರ್ ಒಂದು ಬೆರಳಷ್ಟು ಮೇಲೆ ಬಂದಿದ್ರ ಅಲ್ಲೇ ನಿಲ್ಲಿಸಿ, ಆಟ ಮತ್ತ ಅಳೀರಿ.